ನನ್ನ ಗಂಡನಿಗೆ ಉಳಿದ ಪ್ರಾರ್ಥನೆ

ಜಪಾನಿನ ಕಾವಾಸಾಕಿ ಊರಿನ ಕಾರ್ಖಾನೆಯಲ್ಲಿ, ಮೀಟಿಂಗ್ ನಡೆಯುತ್ತಿದ್ದಾಗಲೇ, ನನ್ನ ಗಂಡ ಕುರ್ಚಿಯಿಂದ ಪಕ್ಕಕ್ಕೆ ವಾಲಿಬಿಟ್ಟರು. ಸ್ಟ್ರೋಕ್. ಜೀವ ಉಳಿಯಿತು, ಬಲಗೈ ಸೋತಿತು, ಮಾತು ಹೋಯಿತು. ಕನ್ನಡ, ಇಂಗ್ಲಿಷ್, ಆಫೀಸಿನವರೆಲ್ಲ ಮೆಚ್ಚುತ್ತಿದ್ದ ಜಪಾನೀಸ್, ಎಲ್ಲವೂ. ಉಳಿದದ್ದು "ಅದು" ಎಂಬ ಒಂದೇ ಪದ. ನೀರಿಗೂ ಅದು, ನೋವಿಗೂ ಅದು, ನನ್ನನ್ನು ಕರೆಯುವುದಕ್ಕೂ ಅದು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ತಿರುಗಿ ಹೇಳಲಾಗದೆ ಹಲ್ಲು ಕಚ್ಚುತ್ತಿದ್ದರು.

ಸ್ವಲ್ಪ ಸುಧಾರಿಸಿದ ಮೇಲೆ ಅವರನ್ನು ನಿಶಿ ಕಸಾಯಿಯ ನಮ್ಮ ಮನೆಗೆ ಹತ್ತಿರದ ಆಸ್ಪತ್ರೆಗೆ ತಂದರು. ನಾನು ದಿನಾ ನದಿಯ ಏರಿಯ ಮೇಲೆ ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಎದುರುಗಾಳಿಗೆ ಪೆಡಲ್ ತುಳಿಯುತ್ತಾ ದೇವರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. "ಕಿವಿ ಇದೆಯಾ ನಿಂಗೆ? ಎಷ್ಟು ಜನ ಕುಡ್ಕರು, ಕಳ್ಳರು ಬಾಯ್ತುಂಬಾ ಮಾತಾಡ್ಕೊಂಡಿದಾರೆ. ಇವ್ರ ಮಾತೇ ಬೇಕಿತ್ತಾ?" ಕನ್ನಡ ಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಒಮ್ಮೆ ಹಿಂದೆ ಕೂತಿದ್ದ ಮಗಳು ಮಾತ್ರ ನನ್ನ ಜಾಕೆಟ್ ಎಳೆದು, "ಅಮ್ಮಾ, ಸ್ಟಾಪ್. ಎಲ್ಲಾ ನೋಡ್ತಿದಾರೆ," ಎಂದಳು. ನೋಡಲಿ. ಹುಟ್ಟಿದಾಗಿನಿಂದ ಕ್ರೈಸ್ತಳಾದ ನಾನು ಮೊಣಕಾಲೂರುವುದನ್ನು ಆಗಲೇ ಬಿಟ್ಟಿದ್ದೆ.

ಅವರು ಮನೆಗೆ ಬಂದ ಮೇಲೆ ನಮ್ಮ ಪ್ರಾರ್ಥನಾ ಕೂಟದವರು ನೋಡಲು ಬಂದರು. ಕೂಟ ನಡೆಸುತ್ತಿದ್ದವರು ಬೆಂಗಳೂರಿನ ಒಬ್ಬ ಎಂಜಿನಿಯರ್. ನಾವೆಲ್ಲ ಬ್ರದರ್ ಎನ್ನುತ್ತಿದ್ದೆವು. ಸೋಫಾದಲ್ಲಿ ಕೂತಿದ್ದ ನನ್ನ ಗಂಡನ ಮುಖವನ್ನೂ ನೋಡದೆ ಅವರು ನನ್ನನ್ನು ಕೇಳಿದರು.

"ಸಿಸ್ಟರ್, ತಪ್ಪು ತಿಳ್ಕೋಬೇಡಿ. ದೇವ್ರು ಸುಮ್‌ಸುಮ್ನೆ ಇಂಥದ್ದು ಅಲೋ ಮಾಡಲ್ಲ. ಏನಾದ್ರೂ ಹಿಡನ್ ಸಿನ್ ಇದ್ರೆ ಕನ್ಫೆಸ್ ಮಾಡಿಬಿಡಿ. ಹೀಲಿಂಗ್‌ಗೆ ಅದೇ ಬ್ಲಾಕ್ ಆಗಿರ್ಬಹುದು."

ಗಂಡನ ಎಡಗೈ ಸೋಫಾದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಕೂಟದ ಹೆಂಗಸೊಬ್ಬರು ಜಗಳ ತಪ್ಪಿಸಲೆಂದೋ ಏನೋ "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಕರ್ತನ ಪ್ರಾರ್ಥನೆ ಶುರು ಮಾಡಿದರು. ಉಳಿದವರು ದನಿಗೂಡಿಸಿದರು. ಎರಡನೆಯ ಸಾಲಿಗೆ ಇನ್ನೊಂದು ದನಿ ಸೇರಿತು. ನನ್ನ ಗಂಡನದು.

ತೊದಲದೆ, ತಡವರಿಸದೆ ಹೇಳುತ್ತಿದ್ದರು. ಹುಬ್ಬಳ್ಳಿಯಲ್ಲಿ ಅವರ ಅಜ್ಜಿ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ ಅದೇ ರಾಗದಲ್ಲಿ, ಆಮೆನ್‌ವರೆಗೂ. ಮಗಳು ಅಡುಗೆಮನೆಯಿಂದ ಓಡಿಬಂದಳು.

"ಹಲ್ಲೆಲೂಯಾ!" ಎಂದು ಬ್ರದರ್ ಎದ್ದೇ ನಿಂತರು. ಜೇಬಿನಿಂದ ಫೋನ್ ತೆಗೆದರು. "ಇನ್ನೊಂದ್ಸಲ ಹೇಳಿ ಬ್ರದರ್, ವೀಡಿಯೋ ಮಾಡ್ಕೋತೀನಿ. ಎಂಥಾ ಸಾಕ್ಷಿ!"

ನಾನು ಗಂಡನ ಮುಂದೆ ಕುಕ್ಕರುಗಾಲಲ್ಲಿ ಕೂತೆ. "ರೀ, ನೀರು ಅನ್ನಿ."

"ಅದು."

"ನನ್ನ ಹೆಸ್ರು ಹೇಳಿ. ಮಗಳ ಹೆಸ್ರು?"

"ಅದು... ಅದು..." ಅವರ ಕಣ್ಣು ತುಂಬಿತು.

ಆ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ. ದೇವರು ತನ್ನನ್ನು ಹೊಗಳುವಷ್ಟು ಮಾತನ್ನು ಬಿಟ್ಟು, ಹೆಂಡತಿ ಮಕ್ಕಳನ್ನು ಕರೆಯುವ ಮಾತನ್ನು ಕಿತ್ತುಕೊಂಡಿದ್ದಾನೆ! ಬ್ರದರ್ ಕೈಯ ಫೋನ್ ಇನ್ನೂ ಇಳಿದಿರಲಿಲ್ಲ. "ನಡೀರಿ, ಹೊರಗ್ ಹೋಗಿ," ಎಂದೆ. ಅವರು ಏನೋ ಸಮಾಧಾನ ಹೇಳಲು ಹೊರಟರು. ನಾನೇ ಬಾಗಿಲು ತೆಗೆದು ಅವರ ಶೂಗಳನ್ನು ಹೊರಗಿಟ್ಟೆ.

ಮಾತಿನ ಚಿಕಿತ್ಸೆ ಕೊಡುವ ಜಪಾನಿ ಹುಡುಗಿಗೆ, ಆಕೆಯನ್ನು ನಾವು ಸೆನ್ಸೇ, ಅಂದರೆ ಟೀಚರ್, ಎನ್ನುತ್ತಿದ್ದೆವು, ಮುಂದಿನ ಭೇಟಿಯಲ್ಲಿ ಇದನ್ನೆಲ್ಲ ಹೇಳಿದೆ. ಆಕೆಗೆ ಆಶ್ಚರ್ಯವೇ ಆಗಲಿಲ್ಲ. ಎಳವೆಯಲ್ಲಿ ಬಾಯಿಪಾಠ ಮಾಡಿದ್ದು ಹೀಗೆ ಉಳಿಯುವುದುಂಟು, ಹಲವರಲ್ಲಿ ನೋಡಿದ್ದೇನೆ ಎಂದಳು. ಪವಾಡವಲ್ಲವೆಂದು ತಿಳಿದದ್ದಕ್ಕೂ ನನಗೆ ಕೋಪ ಬಂತು. ಆದರೆ ಆಕೆ ಒಂದು ದಾರಿ ತೋರಿಸಿದಳು. ಇಬ್ಬರೂ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿ, ಒಂದು ಪದದ ಹತ್ತಿರ ನೀವು ನಿಲ್ಲಿಸಿ, ಅವರೊಬ್ಬರೇ ಆ ಪದ ಹೇಳಲಿ, ಆಮೇಲೆ ಆ ಪದವನ್ನೇ ಪ್ರಾರ್ಥನೆಯ ಹೊರಗೆ ಬಳಸಿ ನೋಡಿ ಎಂದಳು. ತನಗೆ ಕನ್ನಡ ಬರದು, ಇದನ್ನು ನೀವೇ ಮಾಡಬೇಕು ಎಂದು ಸೆನ್ಸೇ ತಲೆಬಾಗಿ ಕೇಳಿಕೊಂಡಳು.

ಪ್ರಾರ್ಥನೆ ಬಿಟ್ಟಿದ್ದ ನಾನು ಹೀಗೆ ದಿನಾ ಊಟಕ್ಕೆ ಮುಂಚೆ ಪ್ರಾರ್ಥಿಸಬೇಕಾಯಿತು. ಭಕ್ತಿಯಿಂದಲ್ಲ, ಹಟದಿಂದ. ದೇವರ ಚಿತ್ತ ನೆರವೇರಲಿ ಎನ್ನುವ ಸಾಲು ಬಂದಾಗ ನಾನು ಬಾಯಿ ಬಿಗಿಯುತ್ತಿದ್ದೆ. ಅವರು ನನ್ನನ್ನೇ ನೋಡುತ್ತಾ ಅದನ್ನು ಒಬ್ಬರೇ ಹೇಳುತ್ತಿದ್ದರು. ಅವರಿಗೆ ಅದನ್ನು ಹೇಳಲು ಹೇಗೆ ಮನಸ್ಸು ಬರುತ್ತದೆ ಎಂದು ಅವರ ಮೇಲೂ ಸಿಡುಕುತ್ತಿದ್ದೆ.

ಚಳಿಗಾಲ ಮುಗಿಯುವ ಹೊತ್ತಿಗೆ, ತಟ್ಟೆ ತೋರಿಸಿದರೆ, ಪ್ರಾರ್ಥನೆಯಲ್ಲಿ ಬರುವಂತೆ, "ಆಹಾರ" ಎನ್ನತೊಡಗಿದರು. ಅನ್ನಕ್ಕೂ ಆಹಾರ, ಬಿಸ್ಕತ್ತಿಗೂ ಆಹಾರ. ಮಗಳು ಶಾಲೆಯಿಂದ ಬಂದಾಗ ಎದೆ ಮುಟ್ಟಿಕೊಂಡು "ತಂದೆ" ಎಂದರು. ಅವಳು ಬ್ಯಾಗನ್ನೂ ಇಳಿಸದೆ ತಬ್ಬಿಕೊಂಡಳು.

ಒಂದು ಮಧ್ಯಾಹ್ನ ಸಾರಿನ ಬಟ್ಟಲು ಅವರ ಎಡಗೈಯಿಂದ ಜಾರಿ ಬಿತ್ತು. ಒರೆಸಲು ಬಗ್ಗಿದೆ. ತಲೆಯ ಮೇಲಿಂದ ಅವರ ದನಿ ಕೇಳಿತು. "ಕ್ಷಮಿಸು."

ಬಟ್ಟೆಯನ್ನು ನೆಲಕ್ಕೆ ಬಡಿದೆ. "ನೀವ್ಯಾಕ್ರೀ ಕ್ಷಮೆ ಕೇಳೋದು? ಕೇಳ್ಬೇಕಾದವ್ನು ಮೇಲೆ ಕೂತಿದಾನೆ! ಅವ್ನು ಬಂದು ಕೇಳ್ಲಿ, ಇಲ್ಲಿ, ಈ ನೆಲದ್ ಮೇಲೆ ಕೂತು!" ಎಂದು ಕಿರುಚಿದೆ. ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ, ಅವತ್ತು ಅತ್ತೆ. ಪಕ್ಕದ ಮನೆಯವರು ಕಿಟಕಿ ಮುಚ್ಚಿದ ಸದ್ದಾಯಿತು.

ಅವರು ಕಷ್ಟಪಟ್ಟು ಬಗ್ಗಿ ನನ್ನ ತಲೆಯ ಮೇಲೆ ಕೈಯಿಟ್ಟರು. "ಸಾಕು," ಎಂದರು.

ಆಹಾರ, ತಂದೆ, ಕ್ಷಮಿಸು ಎಲ್ಲ ಕರ್ತನ ಪ್ರಾರ್ಥನೆಯ ಪದಗಳೇ, ಆದರೆ "ಸಾಕು" ಅದರಲ್ಲಿಲ್ಲ. ಅವರೇ ಎಲ್ಲಿಂದಲೋ ಹುಡುಕಿ ತಂದದ್ದು. ಅದು ಇಬ್ಬರಿಗೂ ಒಟ್ಟಿಗೇ ಹೊಳೆದು, ಸಾರು ಚೆಲ್ಲಿದ ನೆಲದ ಮೇಲೆಯೇ ಮುಖ ಮುಖ ನೋಡಿಕೊಂಡೆವು.

ಈಗ ಭಾನುವಾರ ಫುನಾಬೊರಿಯ ಒಂದು ಪುಟ್ಟ ಜಪಾನಿ ಚರ್ಚಿಗೆ ಹೋಗುತ್ತೇವೆ. ಅಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ. ಅವರು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾರೆ, ಪಕ್ಕದಲ್ಲಿ ನಾನು ಮನಸ್ಸಿನಲ್ಲೇ ದೇವರೊಂದಿಗೆ ಜಗಳವಾಡುತ್ತೇನೆ. ಇಷ್ಟು ಬೈದರೂ ಎದ್ದು ಹೋಗದವನು ಅವನೊಬ್ಬನೇ. ಅವನ ಚಿತ್ತ ನೆರವೇರಲಿ ಎನ್ನುವ ಆ ಒಂದು ಸಾಲನ್ನು ನಾನಿನ್ನೂ ಹೇಳಿಲ್ಲ.