ಕೋಚ್ ಡೆಲ್ ಮೈದಾನಕ್ಕೆ ಹದಿಮೂರು ವರ್ಷಗಳ ಮೇಲೆ

ಜುಲೈ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಆರೂವರೆಗೆ ಪರ್ತ್‌ನಿಂದ ಅಡಿಲೇಡ್‌ಗೆ ಹೊರಟೆ. ಹೊರಗೆ ಮಳೆ. ಚಳಿಗಾಲದಲ್ಲಿ ಪರ್ತ್‌ನ ಮಳೆ ಗಾಳಿಯ ಜೊತೆ ಸೇರಿ ಅಡ್ಡಡ್ಡ ಬೀಳುತ್ತದೆ. ಕಾರಿನಿಂದ ಇಳಿದು ಟರ್ಮಿನಲ್ ಬಾಗಿಲು ಸೇರುವಷ್ಟರಲ್ಲಿ ನನ್ನ ಜೀನ್ಸ್ ಮೊಣಕಾಲಿನವರೆಗೂ ನೆನೆದಿತ್ತು. ಬಿಡಲು ಬಂದಿದ್ದ ಗಂಡ ಮಹೇಶ್, "ಬೇಡ ಅನ್ನಿಸಿದ್ರೆ ಅಡಿಲೇಡ್‌ನಿಂದಲೇ ವಾಪಸ್ ಬಂದ್ಬಿಡು ಸುನೀತಾ, ಯಾರೂ ಏನೂ ಅನ್ಕೊಳ್ಳಲ್ಲ," ಅಂದರು. ನಾನು ಹಾಗೆ ಮಾಡಿಬಿಡಬಹುದು ಎಂಬ ಅನುಮಾನ ನಮ್ಮಿಬ್ಬರಿಗೂ ಇತ್ತು.

ನಾನು ಹೋಗುತ್ತಿದ್ದದ್ದು ಬ್ರಿಸ್ಬೇನ್‌ನಲ್ಲಿ ನಡೆಯಲಿದ್ದ ಒಬ್ಬ ಕೋಚ್‌ನ ನೆನಪಿನ ಸಭೆಗೆ. ಅವರ ಹೆಸರು ಡೆಲ್ಮರ್. ಎಲ್ಲರಿಗೂ ಕೋಚ್ ಡೆಲ್. ಅಮೆರಿಕದಲ್ಲಿ ಹುಟ್ಟಿ, ಆಸ್ಟ್ರೇಲಿಯಾದ ಹುಡುಗಿಯನ್ನು ಮದುವೆಯಾಗಿ ಬ್ರಿಸ್ಬೇನ್‌ಗೆ ಬಂದವರು, ತಮ್ಮೂರಿನ ಫುಟ್‌ಬಾಲನ್ನೂ ಜೊತೆಗೆ ತಂದರು. ಇಲ್ಲಿಯವರು ಅದನ್ನು ಗ್ರಿಡೈರನ್ ಎನ್ನುತ್ತಾರೆ. ಸಿಪ್ಪೆ ಸುಲಿಯದ ತೆಂಗಿನಕಾಯಿಯ ಆಕಾರದ ಚೆಂಡು, ತಲೆಗೆ ಹೆಲ್ಮೆಟ್, ಭುಜಕ್ಕೆ ಕವಚ, ಒಬ್ಬರ ಮೇಲೊಬ್ಬರು ಬೀಳುವ ಆಟ. ಕ್ರಿಕೆಟ್ಟಿನ, ಫುಟಿ ಎಂದು ಕರೆಯುವ ತನ್ನದೇ ಫುಟ್‌ಬಾಲಿನ ಈ ದೇಶದಲ್ಲಿ ಅದನ್ನು ಆಡುವವರೂ ನೋಡುವವರೂ ಕಡಿಮೆ. ಆದರೆ ಆ ಕಡಿಮೆ ಜನಕ್ಕೆ ಕೋಚ್ ಡೆಲ್ ದೇವರಂಥ ಮನುಷ್ಯ. ಸುಮಾರು ಮೂವತ್ತು ವರ್ಷ ಸಂಬಳವಿಲ್ಲದೆ ಒಂದೇ ತಂಡವನ್ನು ಬೆಳೆಸಿದವರು.

ಹದಿಮೂರು ವರ್ಷದ ಹಿಂದೆ ನಾನು ಆ ತಂಡದಲ್ಲಿದ್ದೆ. ಆಟಗಾರ್ತಿಯಾಗಿ ಅಲ್ಲ. ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ, ಮುಂದಿನ ಓದಿಗೆಂದು ಬ್ರಿಸ್ಬೇನ್‌ಗೆ ಬಂದು, ವಿಶ್ವವಿದ್ಯಾಲಯದ ಪಕ್ಕದ ಸೇಂಟ್ ಲೂಸಿಯಾ ಬಡಾವಣೆಯಲ್ಲಿ ಮೂವರ ಜೊತೆ ಒಂದು ಮನೆ ಹಂಚಿಕೊಂಡಿದ್ದೆ. ಇಲ್ಲಿ ಡಾಕ್ಟರಾಗಿ ಕೆಲಸ ಮಾಡಲು ಬೇಕಾದ ಪರೀಕ್ಷೆ ಇನ್ನೂ ಪಾಸಾಗಿರಲಿಲ್ಲ. ಶನಿವಾರಗಳಂದು ಮೈದಾನದ ಅಂಚಿನಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಟ್ಟುಕೊಂಡು ಕೂರುವುದು ನನ್ನ ಪಾರ್ಟ್‌ಟೈಮ್ ಕೆಲಸ.

ಆ ವರ್ಷದ ಫೈನಲ್‌ನಲ್ಲಿ ನಮ್ಮ ತಂಡದ ಅತಿ ವೇಗದ ಓಟಗಾರ ಇಮ್ರಾನ್ ತಲೆಗೆ ಪೆಟ್ಟು ತಿಂದು ಬಿದ್ದ. ಬಳ್ಳಾರಿಯ ಹುಡುಗ, ಕಾಲೇಜಿನಲ್ಲಿ ಕಬಡ್ಡಿ ಆಡಿ ಬಂದವನು. ಅವನನ್ನು ನೋಡಲೆಂದೇ ಅಮೆರಿಕದ ಕಾಲೇಜೊಂದರಿಂದ ಆಯ್ಕೆಗಾರರು ಬಂದು ಕೂತಿದ್ದರು. ಎದ್ದು ನಿಂತವನನ್ನು ನಾನು, "ಇವತ್ತು ಯಾವ ವಾರ?" ಎಂದು ಕೇಳಿದೆ. ಅವನು ನಕ್ಕು, "ಚೆನ್ನಾಗಿದೀನಿ ಅಕ್ಕಾ," ಅಂದ. ಅದು ನನ್ನ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಆಡುವ ಹಾಗಿಲ್ಲ ಎಂದೆ. ಕೋಚ್ ಒಪ್ಪಲಿಲ್ಲ. ನಾನು ಇಮ್ರಾನನ ಹೆಲ್ಮೆಟ್ ಕಿತ್ತುಕೊಂಡು, ಬೆಂಚಿನ ಮೇಲಿಟ್ಟು, ಅದರ ಮೇಲೆ ಕೂತುಬಿಟ್ಟೆ. ಕೋಚ್ ಎಲ್ಲರ ಎದುರಿಗೆ, "ಈ ದೇಶದಲ್ಲಿ ನೀನಿನ್ನೂ ಡಾಕ್ಟರೂ ಅಲ್ಲ!" ಎಂದು ಕೂಗಿದರು. ನಾನು ಏಳಲಿಲ್ಲ. ನಾಲ್ಕು ಅಂಕದಿಂದ ನಾವು ಸೋತೆವು. ಆಯ್ಕೆಗಾರರು ಬರಿಗೈಲಿ ಹೋದರು. ಸಂಜೆ ಆಸ್ಪತ್ರೆಯಲ್ಲಿ ಇಮ್ರಾನನ ತಲೆಯ ಸ್ಕ್ಯಾನ್ ಮಾಡಿದಾಗ ಏನೂ ಕಾಣಲಿಲ್ಲ.

ಆ ಸ್ಕ್ಯಾನ್ ವಿಷಯವೇ ನನ್ನನ್ನು ಇಷ್ಟು ವರ್ಷ ಕೊರೆದದ್ದು. ಮುಂದಿನ ಶನಿವಾರ ನಾನು ಮೈದಾನಕ್ಕೆ ಹೋಗಲಿಲ್ಲ. ಕೆಲವು ತಿಂಗಳಲ್ಲಿ ಪರೀಕ್ಷೆ ಪಾಸಾಗಿ ಪರ್ತ್‌ನಲ್ಲಿ ಕೆಲಸ ಸಿಕ್ಕಿತು, ಹೊರಟುಬಿಟ್ಟೆ. ಕೋಚ್ ತೀರಿಕೊಂಡ ಸುದ್ದಿ ತಿಳಿಸಿದ್ದೂ ಇಮ್ರಾನ್‌ನೇ, ಎಷ್ಟೋ ವರ್ಷದ ಮೇಲೆ ಒಂದು ಚಿಕ್ಕ ಮೆಸೇಜಿನಲ್ಲಿ. "ಅಡಿಲೇಡ್‌ಗೆ ಬನ್ನಿ ಅಕ್ಕಾ, ಒಂದಿನ ನಮ್ಮನೇಲಿದ್ದು ಒಟ್ಟಿಗೆ ಹೋಗೋಣ."

ಮೂರು ಗಂಟೆಗೆ ಸ್ವಲ್ಪ ಕಡಿಮೆ ಹಾರಾಟ. ಅಡಿಲೇಡ್‌ನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದೆ, ಹಾಗಾಗಿ ಇಳಿದಾಗ ಹನ್ನೊಂದಾಗಿತ್ತು. ಮಳೆಯಿಲ್ಲ, ಕೊರೆಯುವ ಒಣ ಚಳಿ. ಇಮ್ರಾನ್ ಬಾಗಿಲಲ್ಲೇ ನಿಂತಿದ್ದ. ಕೂದಲು ತೆಳ್ಳಗಾಗಿದೆ, ಹೊಟ್ಟೆ ಬಂದಿದೆ, ನಡಿಗೆ ಮಾತ್ರ ಇನ್ನೂ ಓಟಗಾರನದೇ. ಅವನ ಮನೆಯಿದ್ದ ಉತ್ತರದ ಸ್ಯಾಲಿಸ್‌ಬರಿಯವರೆಗೆ ಮುಕ್ಕಾಲು ಗಂಟೆ. ದಾರಿಯಲ್ಲಿ, ಇಲ್ಲಿಯವರು ಸರ್ವೋ ಎನ್ನುವ ಬಂಕೊಂದರಲ್ಲಿ ಪೆಟ್ರೋಲ್ ಹಾಕಿಸಿದ. ತಾನು ಕೆಲಸ ಮಾಡುವ ಯಂತ್ರಭಾಗಗಳ ಕಾರ್ಖಾನೆಯನ್ನು ತೋರಿಸಿದ. ಫೈನಲ್ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎತ್ತಿದ್ದು ಅವನ ಎಂಟು ವರ್ಷದ ಮಗಳು ಝೋಯಾ. ಸ್ಕೂಲಿಗೆ ರಜೆ. ನಾನು ಶೂ ಬಿಚ್ಚುತ್ತಿದ್ದ ಹಾಗೆಯೇ ಎದುರಿಗೆ ಬಂದು ನಿಂತು ಇಂಗ್ಲಿಷಿನಲ್ಲಿ ಕೇಳಿದಳು: "ಅಪ್ಪನ ಹೆಲ್ಮೆಟ್ ಮೇಲೆ ಕೂತ ಲೇಡಿ ನೀವೇನಾ?"

ಒಳಗಿನಿಂದ ಇಮ್ರಾನನ ಹೆಂಡತಿ ಶಾಹೀನ್ ನಗುತ್ತಾ ಬಂದಳು. "ಬನ್ನಿ ಅಕ್ಕಾ, ಒಳಗೆ ಬನ್ನಿ. ಈ ಮನೇಲಿ ನಿಮ್ ಕಥೆ ದಿನಾ ನಡೀತದೆ," ಎಂದು ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದಳು. ಮಂಡಕ್ಕಿ ಒಗ್ಗರಣೆ ಸಿದ್ಧವಾಗಿತ್ತು, ಬಾಣಲೆಯಲ್ಲಿ ಮೆಣಸಿನಕಾಯಿ ಬಜ್ಜಿ ಬೇಯುತ್ತಿತ್ತು. ಚಳಿಗೆ ಅದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ. ಎರಡನೇ ತಟ್ಟೆ ಹಾಕಿಸಿಕೊಂಡ ಮೇಲೆ ಇಮ್ರಾನ್ ಕುರ್ಚಿ ಹತ್ತಿರ ಎಳೆದುಕೊಂಡ.

"ಅಕ್ಕಾ, ಒಂದ್ ಮಾತು ಹೇಳ್ಬೇಕಿತ್ತು. ಹೇಳದೇನೇ ಇಷ್ಟು ವರ್ಷ ಆಗ್ಹೋಯ್ತು."

"ಸ್ಕ್ಯಾನ್ ಕ್ಲೀನ್ ಇತ್ತು. ನನಗೆ ಗೊತ್ತು ಇಮ್ರಾನ್," ಅಂದೆ.

"ಸ್ಕ್ಯಾನ್ ಕ್ಲೀನ್ ಇತ್ತು. ನಾನು ಕ್ಲೀನ್ ಇರ್ಲಿಲ್ಲ."

ಆಮೇಲೆ ಅವನು ಹೇಳಿದ್ದು ಇಷ್ಟು. ಮೂರು ವಾರ ಅವನಿಗೆ ಬಸ್ಸಿನ ನಂಬರ್ ಓದಲು ಆಗುತ್ತಿರಲಿಲ್ಲ. ಪುಸ್ತಕ ತೆರೆದರೆ ಅಕ್ಷರಗಳು ಈಜಾಡುತ್ತಿದ್ದವು. ಬಿಸಿಲು ಕಂಡರೆ ವಾಂತಿ. ಒಂದು ದಿನ ಊರಿಗೆ ಫೋನ್ ಮಾಡಿ, ಅಮ್ಮ ಎತ್ತಿದ ಮೇಲೆ, ಯಾರಿಗೆ ಮಾಡಿದೆನೆಂದೇ ಮರೆತು ಸುಮ್ಮನೆ ನಿಂತಿದ್ದ.

"ನನಗ್ಯಾಕೆ ಹೇಳ್ಲಿಲ್ಲ?"

"ಓದು ನಿಲ್ಲುತ್ತೆ, ವೀಸಾ ಹೋಗುತ್ತೆ ಅಂತ ಭಯ. ಜೊತೆಗೆ ಕೋಪ. ನಿಮ್ ಮೇಲೆ ಕೋಪ ಮಾಡ್ಕೊಳ್ಳೋದು ಸುಲಭ ಇತ್ತು ಅಕ್ಕಾ. ಅಮೆರಿಕಕ್ಕೆ ಹೋಗ್ತಿದ್ದೆ, ಅಕ್ಕ ತಪ್ಪಿಸಿದ್ರು ಅಂತ ಎಲ್ಲರಿಗೂ ಹೇಳ್ಕೊಂಡು ತಿರುಗ್ದೆ, ಎರಡು ವರ್ಷ." ಅವನು ಝೋಯಾಳ ಕಡೆ ನೋಡಿದ. "ಅವತ್ತು ಅದರ ಮೇಲೆ ಇನ್ನೊಂದು ಏಟು ಬಿದ್ದಿದ್ರೆ..."

ಶಾಹೀನ್ ಅವನ ಬೆನ್ನ ಮೇಲೆ ಕೈಯಿಟ್ಟಳು. ನಾನು ಡಾಕ್ಟರು, ಇಂಥ ಲಕ್ಷಣಗಳು ಸ್ಕ್ಯಾನಿನಲ್ಲಿ ಕಾಣುವುದಿಲ್ಲ ಎಂದು ರೋಗಿಗಳಿಗೆ ನೂರು ಸಲ ಹೇಳಿದ್ದೇನೆ. ಆದರೆ ನನ್ನ ವಿಷಯದಲ್ಲಿ ನಾನೇ ಅದನ್ನು ನಂಬಿರಲಿಲ್ಲ. ಅಳು ಬಂತು. ಝೋಯಾ ಟಿಶ್ಯೂ ಡಬ್ಬಿಯನ್ನೇ ತಂದು ತೊಡೆಯ ಮೇಲಿಟ್ಟಳು.

"ಕೋಚ್‌ಗೆ ಗೊತ್ತಿತ್ತಾ?" ಎಂದು ಕೇಳಿದೆ. "ನಾಳೆ ಅಲ್ಲೇ ಕೇಳಿಸ್ಕೊಳ್ಳಿ," ಅಂದ ಇಮ್ರಾನ್.

ಶನಿವಾರ ಬೆಳಿಗ್ಗೆ ಇಬ್ಬರೂ ಬ್ರಿಸ್ಬೇನ್ ವಿಮಾನ ಹತ್ತಿದೆವು. ಎರಡೂವರೆ ಗಂಟೆ, ಗಡಿಯಾರ ಇನ್ನೂ ಅರ್ಧ ಗಂಟೆ ಮುಂದೆ. ಇಳಿದರೆ ಸ್ವೆಟರ್ ಬೇಡದಂಥ ಬಿಸಿಲು. ರೈಲಿನಲ್ಲಿ ನಗರಕ್ಕೆ ಬಂದು, ಅಲ್ಲಿಂದ ದೋಣಿಯಲ್ಲಿ ಮೈದಾನವಿರುವ ಸೇಂಟ್ ಲೂಸಿಯಾಕ್ಕೆ. ದೋಣಿಗೆ ಐವತ್ತೇ ಸೆಂಟ್. "ನಮ್ ಕಾಲದಲ್ಲಿ ಹಿಂಗಿದ್ದಿದ್ರೆ ನಡೆದು ನಡೆದು ಸಾಯೋದು ತಪ್ತಿತ್ತು," ಎಂದು ಇಮ್ರಾನ್ ಗೊಣಗಿದ. ನದಿ ಅದೇ ಕಂದು ಬಣ್ಣ. ದಡದಲ್ಲಿ ಓದುವ ಮಕ್ಕಳು ಹುಲ್ಲಿನ ಮೇಲೆ ಮಲಗಿದ್ದರು. ನನ್ನ ಅಳುಕು ಮಾತ್ರ ಇನ್ನೂ ಹೋಗಿರಲಿಲ್ಲ. ಇಮ್ರಾನ್ ಕ್ಷಮಿಸಿದ್ದು ಒಂದು, ಫೈನಲ್ ಸೋತ ಇಡೀ ತಂಡದ ಎದುರು ನಿಲ್ಲುವುದು ಇನ್ನೊಂದು.

ಮೈದಾನದಲ್ಲಿ ಇನ್ನೂರು ಜನರಾದರೂ ಇದ್ದರು. ಮಡಚುವ ಕುರ್ಚಿಗಳು, ಹಳೆಯ ನೀಲಿ ಜರ್ಸಿಗಳು, ಒಂದು ಮೂಲೆಯಲ್ಲಿ ಮಾಂಸ ಸುಡುವ ಬಾರ್ಬಿ ಒಲೆಯ ಹೊಗೆ. ಇಮ್ರಾನ್ ತಾನು ತಂದಿದ್ದ ಹಲಾಲ್ ಸಾಸೇಜನ್ನು ಬೇರೆ ಕಾವಲಿಯ ಮೇಲೆ ಬೇಯಿಸಲು ಕೊಟ್ಟ. ಸಸ್ಯಾಹಾರಿಯಾದ ನನಗೆ ಬ್ರೆಡ್ಡಿನ ಮೇಲೆ ಹುರಿದ ಈರುಳ್ಳಿ. ಪಕ್ಕದ ಕುರ್ಚಿಯಲ್ಲಿ ಗ್ಲೆನಿಸ್ ಎಂಬ ಮುದುಕಿ ಕೂತಿದ್ದರು. ಸ್ಕೂಲ್ ಬಸ್ ಓಡಿಸಿ ನಿವೃತ್ತರಾದವರು. ಮಗ ಆಡುವುದನ್ನು ನೋಡಲು ಬಂದು, ಮಗ ಆಟ ಬಿಟ್ಟ ಮೇಲೂ ದೂರದ ನಾರ್ತ್ ಲೇಕ್ಸ್‌ನಿಂದ ಪ್ರತಿ ಪಂದ್ಯಕ್ಕೆ ಬರುತ್ತಿದ್ದರಂತೆ.

"ಆಟ ನನಗೆ ಇವತ್ತಿಗೂ ಅರ್ಥವಾಗಿಲ್ಲ," ಅಂದರು. "ಆದರೆ ಸೋತ ದಿನ ಡೆಲ್ ಎದುರಾಳಿಗಳ ಕೋಣೆಯನ್ನೂ ತಾನೇ ಗುಡಿಸುತ್ತಿದ್ದ. ಅದನ್ನು ನೋಡೋಕೆ ಬರುತ್ತಿದ್ದೆ."

ಒಬ್ಬೊಬ್ಬರೇ ಎದ್ದು ನೆನಪು ಹೇಳಿದರು. ಜೈಲಿನಿಂದ ಬಂದವನೊಬ್ಬನಿಗೆ ಕೋಚ್ ಮೊದಲ ದಿನವೇ ತಮ್ಮ ಮನೆಯ ಕೀಲಿ ಕೊಟ್ಟಿದ್ದರು. ಇನ್ನೊಬ್ಬನ ಅಮ್ಮನ ಹೆಸರು ಹೇಳಲು ಬರದೆ ಒಂದು ವಾರ ಅಭ್ಯಾಸ ಮಾಡಿದ್ದರು. ಸಿಟ್ಟು ಬಂದರೆ ಟೋಪಿ ನೆಲಕ್ಕೆಸೆದು ತುಳಿಯುತ್ತಿದ್ದರು ಎಂದಾಗ ಎಲ್ಲರೂ ನಕ್ಕರು. ಆ ಟೋಪಿ ನನಗೂ ನೆನಪಿತ್ತು.

ಕೊನೆಗೆ ಈಗಿನ ತಂಡದ ನಾಯಕ ಎದ್ದ. ಸಮೋವಾ ಮೂಲದ ಭಾರಿ ಆಳು. "ಪ್ರತಿ ಸೀಸನ್ನಿನ ಮೊದಲ ದಿನ ಕೋಚ್ ನಮಗೆ ಒಂದೇ ಕಥೆ ಹೇಳುತ್ತಿದ್ದರು," ಎಂದು ಶುರು ಮಾಡಿದ. "'ಹಿಂದೊಂದು ಫೈನಲ್‌ನಲ್ಲಿ ನಾನೊಬ್ಬ ಮೂರ್ಖನಾದೆ. ಡಾಕ್ಟರ್ ಸುನೀತಾ ಮೂರ್ಖರಾಗಲಿಲ್ಲ. ಹತ್ತು ದಿನ ಕಳೆದು ಅಭ್ಯಾಸಕ್ಕೆ ಬಂದ ನನ್ನ ಓಟಗಾರನಿಗೆ, ಆಟದಲ್ಲಿ ನೂರು ಸಲ ಓಡಿದ್ದ ದಾರಿ ನೆನಪಿರಲಿಲ್ಲ. ಅವತ್ತಿನಿಂದ ಈ ತಂಡದಲ್ಲಿ ಪೆಟ್ಟು ತಿಂದವನ ಹೆಲ್ಮೆಟ್ ಡಾಕ್ಟರ ಕೈಗೆ ಹೋಗುತ್ತದೆ. ಅವರು ವಾಪಸ್ ಕೊಡುವವರೆಗೆ ನಾನೂ ಕೇಳಬಾರದು.' ಇದನ್ನು ಹೇಳುತ್ತಿದ್ದರು ಕೋಚ್."

ಇಮ್ರಾನ್ ಎದ್ದು ನಿಂತು ನನ್ನ ಕಡೆ ಕೈ ತೋರಿಸಿದ. "ಇವರೇ." ಎಲ್ಲರೂ ತಿರುಗಿದರು. ನನ್ನ ಕೈಯಲ್ಲಿ ಅರ್ಧ ತಿಂದ ಬ್ರೆಡ್ಡು. ನಾಯಕ ಹತ್ತಿರ ಬಂದು ಬಗ್ಗಿ, "ನೀವು ನಿಜವಾಗಿ ಇದ್ದೀರಿ ಅಂತ ನಾವು ನಂಬಿರಲಿಲ್ಲ, ಡಾಕ್ಟರ್," ಎಂದ. ಈ ಮೈದಾನದಲ್ಲಿ ಯಾರಾದರೂ ನನ್ನನ್ನು ಡಾಕ್ಟರ್ ಎಂದು ಕರೆದದ್ದು ಅದೇ ಮೊದಲು. ಬ್ರೆಡ್ಡನ್ನು ತಟ್ಟೆಯಲ್ಲಿಟ್ಟು ಎದ್ದು ನಿಂತೆ.

ಕೋಚ್‌ನ ಹೆಂಡತಿ ಮಾರ್ಗರೆಟ್ ನನ್ನನ್ನು ಬೇಲಿಯ ಹತ್ತಿರ ಕರೆದು ಕೂರಿಸಿಕೊಂಡರು. "ನಿನಗೆ ಮೂರು ಸಲ ಪತ್ರ ಬರೆದ. ಮೂರೂ ಸಲ ಹರಿದ," ಅಂದರು. "ಇಷ್ಟಿಷ್ಟೆತ್ತರದ ಗಂಡಸರಿಗೆ ಕ್ಷಮೆ ಕೇಳೋದು ಕಲಿಸಿದವನು, ತಾನು ಮಾತ್ರ ಕಲಿಯಲಿಲ್ಲ. ಅದೊಂದಕ್ಕೆ ಅವನ ಮೇಲೆ ನನಗಿನ್ನೂ ಸಿಟ್ಟಿದೆ."

"ನಾನೂ ಬರೆಯಬಹುದಿತ್ತು," ಅಂದೆ. ಅವರು ನನ್ನ ತಟ್ಟೆಯಿಂದ ಒಂದು ಎಳೆ ಈರುಳ್ಳಿ ತೆಗೆದು ಬಾಯಿಗೆ ಹಾಕಿಕೊಂಡರು.

ಅಷ್ಟರಲ್ಲಿ ಮೈದಾನದಿಂದ ಒಂದು ಸದ್ದು ಬಂತು. ಮೊದಲು ನನಗೆ ನಂಬಿಕೆಯಾಗಲಿಲ್ಲ. ನಲವತ್ತು ಐವತ್ತು ದಾಟಿದ ಗಂಡಸರು, ಹೊಟ್ಟೆ ಬಂದವರು, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡವರು, ಸಾಲಾಗಿ ನಿಂತು "ಕಬಡ್ಡಿ ಕಬಡ್ಡಿ ಕಬಡ್ಡಿ" ಎನ್ನುತ್ತಾ ಒಂದೇ ಉಸಿರಿನಲ್ಲಿ ಓಡುತ್ತಿದ್ದರು. ಇಮ್ರಾನ್ ತಂಡಕ್ಕೆ ಸೇರಿದ ಹೊಸತರಲ್ಲಿ ಕೋಚ್ ಅವನಿಂದ ಕಲಿತು ಅದನ್ನು ಎಲ್ಲರ ಅಭ್ಯಾಸವಾಗಿ ಮಾಡಿದ್ದರು. ಅವನು ತಂಡ ಬಿಟ್ಟ ಮೇಲೂ ಅದು ನಿಂತಿರಲಿಲ್ಲ. ಇಮ್ರಾನ್ ಅರ್ಧ ದಾರಿಯಲ್ಲೇ ಉಸಿರು ಬಿಟ್ಟು, ಹುಲ್ಲಿನ ಮೇಲೆ ಅಂಗಾತ ಬಿದ್ದು ನಗತೊಡಗಿದ. ಗ್ಲೆನಿಸ್ ಕುರ್ಚಿಯಲ್ಲಿ ಕೂತಲ್ಲೇ ಚಪ್ಪಾಳೆ ತಟ್ಟುತ್ತಾ, "ಔಟ್! ಔಟ್!" ಎಂದು ಕೂಗಿದರು. ಆ ಆಟವಾದರೂ ಅವರಿಗೆ ಅರ್ಥವಾಗಿತ್ತು.

ಭಾನುವಾರ ಬೆಳಿಗ್ಗೆ ಬ್ರಿಸ್ಬೇನ್ ಏರ್‌ಪೋರ್ಟಿನಲ್ಲಿ ಇಮ್ರಾನ್ ಅಡಿಲೇಡ್ ಗೇಟಿನ ಕಡೆಗೂ ನಾನು ಪರ್ತ್ ಗೇಟಿನ ಕಡೆಗೂ ಹೊರಟೆವು. "ಇನ್ನು ಮೆಸೇಜ್ ಮಾಡಿದ್ರೆ ಉತ್ತರ ಕೊಡ್ತೀರಲ್ವಾ?" ಎಂದ. "ಮೊದಲು ನೀನು ಮಾಡು ನೋಡೋಣ," ಅಂದೆ.

ಪರ್ತ್‌ಗೆ ಐದೂವರೆ ಗಂಟೆ. ವಿಮಾನದಲ್ಲಿ ನನಗೆ ಎಂದೂ ನಿದ್ದೆ ಬಂದದ್ದಿಲ್ಲ. ಮೈಸೂರಿಗೆ ಹೋಗುವ ದೂರದ ಪಯಣದಲ್ಲೂ ಕಣ್ಣು ಬಿಟ್ಟೇ ಕೂತಿರುತ್ತೇನೆ. ಅವತ್ತು ಬೆಲ್ಟ್ ಹಾಕಿಕೊಂಡದ್ದು ನೆನಪಿದೆ. ಆಮೇಲೆ ಯಾರೋ ತೋಳು ತಟ್ಟಿದರು. ಪಕ್ಕದ ಸೀಟಿನ ಅಜ್ಜಿ. ವಿಮಾನ ಇಳಿದು ನಿಂತಿತ್ತು, ಜನ ಮೇಲಿನಿಂದ ಬ್ಯಾಗು ತೆಗೆಯುತ್ತಿದ್ದರು, ಕಿಟಕಿಯ ಮೇಲೆ ಮಳೆಯ ಹನಿಗಳು ಅಡ್ಡಡ್ಡ ಓಡುತ್ತಿದ್ದವು.

"ಊಟ ತಂದಾಗ ಎಬ್ಬಿಸೋಕೆ ಮನಸ್ಸು ಬರಲಿಲ್ಲಮ್ಮ, ನೀನು ಅಷ್ಟು ಚೆನ್ನಾಗಿ ಮಲಗಿದ್ದೆ," ಎಂದು ಆಕೆ ಇಂಗ್ಲಿಷಿನಲ್ಲಿ ಹೇಳಿ, ನನಗೆಂದು ತೆಗೆದಿಟ್ಟಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಕೈಗಿತ್ತರು.