ಮೀನಿಗೆ ಜ್ವರ

ನಮ್ಮ ಭಾವನವರ ಎರಡೂ ಅಂಗೈಗಳಲ್ಲಿ ಹಗ್ಗ ಉಜ್ಜಿದ ಗೆರೆಗಳಿದ್ದವು. ಮುದ್ದೆ ಮುರಿಯುವಾಗ ಅವು ಬೆಳ್ಳಗೆ ಕಾಣುತ್ತಿದ್ದವು. ನನ್ನ ಯಜಮಾನರ ಅಣ್ಣ ಅವರು. ಶಿಡ್ಲಘಟ್ಟದ ಹತ್ತಿರ ಹಿಪ್ಪುನೇರಳೆ ತೋಟದಲ್ಲಿ ಬೆಳೆದವರು, ರಾಜ್ಯ ಒಂದಾದ ಮೇಲೆ ಸರ್ಕಾರಿ ಕೆಲಸಕ್ಕೆಂದು ಕಾರವಾರದ ಕಡೆ ಹೋದರು. ಕಡಲ ತಳದ ನಕ್ಷೆ ಬರೆಯುವ ಕೆಲಸ. ಸೀಸದ ಗುಂಡಿನ ತಳಕ್ಕೆ ಮೇಣ ಮೆತ್ತಿ, ಹಗ್ಗ ಕಟ್ಟಿ ದೋಣಿಯಿಂದ ಇಳಿಬಿಡುವರಂತೆ. ಅಂಟಿಕೊಂಡು ಬಂದ ಮರಳು, ಚಿಪ್ಪು, ಹುಲ್ಲು ನೋಡಿ ಎಲ್ಲಿ ಏನಿದೆಯೆಂದು ಗುರುತು ಹಾಕುವರಂತೆ.

“ಕಣ್ಣಿಗೆ ಕಾಣದ್ದನ್ನ ಹೆಂಗೋ ಬರೀತೀಯ?” ಅಂತ ಅತ್ತೆ ಕೇಳಿದರೆ, “ನೀನು ದೇವರಿಗೆ ದೀಪ ಹಚ್ಚಲ್ವೇನಮ್ಮ, ಹಂಗೇ” ಅನ್ನುವರು.

ಒಮ್ಮೆ ರಜೆಗೆ ನಕ್ಷೆ ಸಮೇತ ಬಂದಿದ್ದರು. ಮೀನು ಮೊಟ್ಟೆಯಿಡುವ ಹುಲ್ಲಿನ ಜಾಗವೊಂದನ್ನು ಕಂಡುಹಿಡಿದಿದ್ದರು. ಮೊಟ್ಟೆ ಕಾಲದಲ್ಲಿ ಅಲ್ಲಿ ಬಲೆ ಎಳೆದರೆ ಮರಿಯೇ ಉಳಿಯುವುದಿಲ್ಲ, ಬೆಸ್ತರನ್ನು ಒಪ್ಪಿಸುವುದು ಹೇಗೆ ಎಂಬುದೇ ಅವರ ಚಿಂತೆ. ಯೋಚಿಸುತ್ತಾ ನಮ್ಮ ರೇಷ್ಮೆಹುಳು ಸಾಕುವ ಮನೆಗೆ ಕಾಲಿಡಲು ಹೋದರು.

“ಮೂರನೇ ಜ್ವರಕ್ಕೆ ಕೂತವೆ, ಒಳಗೆ ಬರಬೇಡ ಕಣಪ್ಪ!” ಅತ್ತೆ ಗದರಿದರು.

ರೇಷ್ಮೆಹುಳು ಮೇವು ಬಿಟ್ಟು, ತಲೆಯೆತ್ತಿ, ಪೊರೆ ಕಳಚುವ ಹೊತ್ತಿಗೆ ನಮ್ಮಲ್ಲಿ ಜ್ವರ ಅನ್ನುತ್ತೇವೆ. ಆಗ ಅದನ್ನು ಮುಟ್ಟಬಾರದು. ಭಾವನವರು ಹೊಸ್ತಿಲಲ್ಲೇ ನಿಂತರು. ಆಮೇಲೆ ಹಿಂದಿರುಗಿ, ಆ ಹುಲ್ಲಿನ ಜಾಗಕ್ಕೆ ಕೆಂಪು ಗೆರೆ ಸುತ್ತಿ ‘ಜ್ವರ’ ಎಂದು ಬರೆದರು.

ಕಾರವಾರದಲ್ಲಿ ಆದದ್ದೇ ಬೇರೆ. ನಕ್ಷೆ ಓದಿಸಿಕೊಂಡ ಬೆಸ್ತರು ಮೀನಿಗೆ ರೋಗ ಬಂದಿದೆ ಎಂದುಕೊಂಡರಂತೆ. ಒಬ್ಬರೂ ಆ ಕಡೆ ಬಲೆ ಹಾಕಲಿಲ್ಲ.

ಮುಂದಿನ ಸಲ ಅವರು ಬಂದಾಗ ಅಡುಗೆಮನೆ ಬಾಗಿಲ ಮರೆಯಿಂದ ಕೇಳಿದೆ: “ನಿಜ ಹೇಳ್ದೆ ಸುಮ್ನಿದ್ದಿದ್ರೆ ಆ ಜಾಗ ಉಳೀತಿತ್ತಲ್ವಾ ಭಾವ?”

“ರೋಗದ ಮೀನು ಅಂತ ಅವರ ಮೀನನ್ನ ಸಂತೇಲಿ ಯಾರೂ ಮುಟ್ಟದಂಗಾಯ್ತಲ್ಲಮ್ಮ. ಅವರ ಮನೆ ಒಲೆ ಉರೀಬೇಡ್ವಾ?”

ಅದಕ್ಕೇ ಬೆಸ್ತರ ಹತ್ತಿರ ಹೋಗಿ ನಿಜ ಹೇಳಿದ್ದರಂತೆ. ನಮ್ಮ ಹುಳು, ಅತ್ತೆಯ ಗದರಿಕೆ, ಎಲ್ಲವನ್ನೂ. ಗಂಡಸರೆಲ್ಲ ಮುಖ ಗಂಟಿಕ್ಕಿ ಕೂತಿದ್ದಾಗ, ಮೀನು ಮಾರುವ ಮುದುಕಿಯೊಬ್ಬಳು ಬಿದ್ದು ಬಿದ್ದು ನಕ್ಕಳಂತೆ. “ಬಾಣಂತಿ ಕೋಣೆ ಅನ್ನಬಾರದಿತ್ತಾ ಮಾರಾಯ? ಅಲ್ಲಿಗೆ ಯಾವ ಗಂಡಸು ನುಗ್ತಾನೆ?”

ಬೆಸ್ತರೂ ನಕ್ಕರು, ಮೊಟ್ಟೆ ಕಾಲದಲ್ಲಿ ಅಲ್ಲಿ ಬಲೆ ಹಾಕುವುದಿಲ್ಲವೆಂದು ಒಪ್ಪಿದರು. ನಕ್ಷೆಯ ಮೇಲೂ ಅದೇ ಹೆಸರು ಬಿತ್ತು.

ಭಾವನವರು ತೀರಿಹೋಗಿ ಬಹಳ ವರ್ಷಗಳಾದವು. ಕಡಲನ್ನು ನಾನು ಇವತ್ತಿಗೂ ನೋಡಿಲ್ಲ. ಆದರೂ ಹುಳು ಜ್ವರಕ್ಕೆ ಕೂತ ದಿನ ಬಾಗಿಲು ಮೆಲ್ಲಗೆ ಮುಂದೆ ಮಾಡಿ ಬಂದು, ದೇವರ ಮುಂದೆ ಎರಡು ದೀಪ ಹಚ್ಚುತ್ತೇನೆ. ಒಂದು ನಮ್ಮ ಹುಳುಗಳಿಗೆ, ಇನ್ನೊಂದು ನಾನು ಕಾಣದ ಆ ಬಾಣಂತಿ ಕೋಣೆಗೆ.