ಟವೆಲ್ಲಿನ ಕೆಳಗೆ ಕುದುರಿದ ಫೀ

ಗೋಕಾಕದ ಕೋರ್ಟಿನ ಎದುರು, ವಕೀಲರ ಮುಂಗೋಣೆಯಲ್ಲಿ ನಾವು ನಾಲ್ವರು ಕುಳಿತಿದ್ದೆವು: ಅವ್ವ, ಅಣ್ಣನ ಹೆಂಡತಿ ವೈನಿ, ಕಾಕಾ ಮತ್ತು ನಾನು. ತೊಂಬತ್ತರ ದಶಕದ ಮಾತು. ನಮ್ಮೂರು ಕುಲಗೋಡದಲ್ಲಿ ಕಾಲುವೆ ನೀರಿನ ಪಾಳಿಗಾಗಿ ಜಗಳವಾಗಿ ಒಬ್ಬನ ಕೈ ಮುರಿದಿತ್ತು. ಹೊಡೆದವರು ಯಾರೋ, ಫಿರ್ಯಾದಿಯಲ್ಲಿ ನಮ್ಮ ಅಣ್ಣನ ಹೆಸರೂ ನಮ್ಮ ಬದುವಿಗೆ ಹತ್ತಿದ ಬಾಜೂ ಹೊಲದವನ ಹೆಸರೂ ಇದ್ದವು. ಇಬ್ಬರನ್ನೂ ಪೊಲೀಸರು ಒಯ್ದು ಮೂರು ದಿನವಾಗಿತ್ತು. ಅವ್ವ ಸರಿಯಾಗಿ ಉಂಡಿರಲಿಲ್ಲ. ನಾನಂತೂ ಕುಳಿತಲ್ಲಿ ಕೂರಲಾಗದೆ ಬಾಗಿಲಿಗೆ ಹೋಗುವುದು, ಬಂದು ಕೂರುವುದು, ಮತ್ತೆ ಏಳುವುದು ಮಾಡುತ್ತಿದ್ದೆ.

ಕಾಕಾ ದನದ ವ್ಯಾಪಾರಿ. ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಅವರದಲ್ಲ. ಕೈಮೇಲೆ ಟವೆಲ್ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಕುದುರಿಸುವುದು. ವಕೀಲರು ಫೀ ಮಾತೆತ್ತಿದ್ದೇ ತಡ, ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ಬಲಗೈಗೆ ಹೊದಿಸಿ ಮುಂದೆ ಚಾಚಿಬಿಟ್ಟರು. ವಕೀಲರೂ ರೈತರ ಮನೆಯಿಂದ ಬಂದವರೇ. ನಕ್ಕು, ಕೈ ತೂರಿಸಿದರು. ಟವೆಲ್ಲು ಎರಡು ಸಲ ಅಲುಗಿತು. ಕಾಕಾ ತಲೆಯಾಡಿಸಿ ಎದ್ದರು.

ಹೊರಗೆ ಬಂದಮೇಲೆ ಎಷ್ಟಕ್ಕೆ ಮುಗಿಯಿತೆಂದು ಅವ್ವ ಕೇಳಿದರೆ ಹೇಳಲೊಲ್ಲರು. ಕೈಯೊಳಗಿನ ಮಾತು ಕೈಯೊಳಗೇ ಇರಬೇಕಂತೆ, ಒಟ್ಟಿನಲ್ಲಿ ಅಗ್ಗವಾಯಿತಂತೆ. ನನಗೆ ನಂಬಿಕೆ ಬರಲಿಲ್ಲ. ಕಾಕಾ ಅಗ್ಗಕ್ಕೆ ಹಿಡಿದು ತಂದ ಎತ್ತುಗಳನ್ನು ನಾನು ನೋಡಿದ್ದೆ. ವೈನಿ ತಿರುಗಿ ಒಳಗೆ ಹೋದರು. ನಾವೂ ಹಿಂದೆ ಹೋದೆವು.

“ಸಾಹೇಬ್ರ, ಈಗ ಮಾತಾಡಿದ್ದು ಬರೇ ಜಾಮೀನಿಗೋ, ಕೇಸ್ ಮುಗಿಯೂತನಕೋ?” ಎಂದು ವೈನಿ ಕೇಳಿದರು.

ಜಾಮೀನಿಗೆ ಮಾತ್ರ ಎಂದರು ವಕೀಲರು. ಆಮೇಲೆ ಸಾಕ್ಷಿ ವಿಚಾರಣೆ, ವಾದ, ಅದರ ಫೀ ಬೇರೆ. ಟೈಪಿಂಗ್, ಸ್ಟಾಂಪಿನ ಖರ್ಚು ಬೇರೆ. ಜಾಮೀನು ನಿಲ್ಲುವವರು ಹೊಲದ ಉತಾರ, ಅಂದರೆ ಪಹಣಿ, ತರಬೇಕು. ಎರಡು ವರ್ಷವೋ ಮೂರು ವರ್ಷವೋ, ಹೇಳಲಾಗದು.

ಕಾಕಾ ಸಿಟ್ಟಾದರು. “ಸಂತ್ಯಾಗ ಕೈ ಕೊಟ್ಟಮ್ಯಾಲ ಎತ್ತು ಹಗ್ಗದ ಸಮೇತ ಬರತೈತ್ರಿ, ವಕೀಲ್ರ.”

“ಎತ್ತಿಗೆ ಕೋರ್ಟಿನ ತಾರೀಖ ಇರೂದಿಲ್ಲಲ್ರಿ, ಕಾಕಾ.”

ಅವ್ವ ಕೂಡ ನಕ್ಕಳು. ವೈನಿ ನಗಲಿಲ್ಲ. ಯಾವುದಕ್ಕೆ ಎಷ್ಟು ಎಂದು ಎಲ್ಲ ಒಂದು ಹಾಳೆಯಲ್ಲಿ ಬರೆಸಿಕೊಂಡು ಎರಡು ಸಲ ಓದಿದರು. ಒಂದು ತಾರೀಖು ತಪ್ಪಿದರೆ ಏನಾಗುತ್ತದೆಂದೂ ಕೇಳಿದರು.

“ವಾರಂಟ್ ಬರತೈತಿ ತಂಗಿ. ಮತ್ತ ಒಳಗ ಹಾಕತಾರ.”

ಎರಡು ದಿನದ ಮೇಲೆ ಇಬ್ಬರಿಗೂ ಜಾಮೀನು ಸಿಕ್ಕಿತು. ಬಾಜೂ ಹೊಲದವನು ಕೇಸೇ ಮುಗಿಯಿತೆಂದು ಓಣಿಗೆಲ್ಲ ಪೇಢೆ ಹಂಚಿದ. ತಾರೀಖು ತಪ್ಪಿಸಬಾರದೆಂದು ವೈನಿ ಹೋಗಿ ತಿಳಿಸಿ ಹೇಳಿದರೆ ಹೆಂಗಸರ ಅಂಜಿಕೆ ಎಂದು ನಕ್ಕ. ತಾರೀಖಿನ ದಿನ ಅಣ್ಣ ಮೊದಲ ಬಸ್ಸಿಗೆ ಗೋಕಾಕಕ್ಕೆ ಹೋಗಿ ಸಂಜೆ ಮನೆಗೆ ಬಂದ. ಬಾಜೂ ಹೊಲದವನು ಅಂದು ಕಬ್ಬಿಗೆ ನೀರು ಹಾಯಿಸುತ್ತಿದ್ದ. ಕೆಲವು ದಿನಗಳಲ್ಲಿ ಪೊಲೀಸರು ವಾರಂಟು ಹಿಡಿದು ಅವನ ಹೊಲಕ್ಕೇ ಬಂದರು.